ಅಣ್ಣನ ಹಿಂದಿನ ಪಿಟೀಲು

ಆ ವಾದ್ಯಗೋಷ್ಠಿಯಲ್ಲಿ ಒಂಟಿ ಪಿಟೀಲು ಅಂದರೆ ಅಣ್ಣನದು. ಮಿಕ್ಕ ವಾದ್ಯಗಳೆಲ್ಲ ತಣ್ಣಗಾದಾಗ ಆತನೊಬ್ಬನೇ ಎದ್ದು ನಿಂತು ನುಡಿಸುತ್ತಿದ್ದ. ಜನ ಬಂದ ಕೆಮ್ಮನ್ನೂ ನುಂಗಿಕೊಂಡು ಕೇಳುತ್ತಿದ್ದರು. ತಂಗಿಯ ಕುರ್ಚಿ ಅವನ ಬೆನ್ನಿಗೇ ಅಂಟಿಕೊಂಡಂತೆ ಹಿಂದಿತ್ತು. ಪಿಟೀಲು ಹಿಡಿದ ದಿನದಿಂದ ಅವಳಿಗೆ ಇದ್ದದ್ದು ಒಂದೇ ಆಸೆ. ತಾನೂ ಒಮ್ಮೆ ಹಾಗೆ ಎದ್ದು ನಿಲ್ಲಬೇಕು.

ಅಣ್ಣನ ಎಡಗೈ ಬೆರಳುಗಳು ಸೆಟೆದುಕೊಳ್ಳತೊಡಗಿದ್ದು ಮೊದಲು ಗೊತ್ತಾದದ್ದು ಅವಳಿಗೇ. ಮೇಲಿನ ಸ್ವರಗಳು ಅವನ ಕೈಗೆ ಎಟುಕದಾದವು. ಅಡುಗೆಮನೆಯಲ್ಲಿ ಅವನ ಬೆರಳುಗಳಿಗೆ ಬಿಸಿನೀರಿನ ಬಟ್ಟೆ ಸುತ್ತುತ್ತಾ, "ಮೇಷ್ಟ್ರಿಗೆ ಹೇಳಿಬಿಡೋಣ ಅಣ್ಣ" ಅಂದಳು. ಮೇಷ್ಟ್ರು ಅಂದರೆ ಗೋಷ್ಠಿಯ ಹಿರಿಯರು.

"ಹೇಳು, ಹೇಳು. ನಾಳೆಯಿಂದ ಬಾಗಿಲಲ್ಲಿ ಟಿಕೆಟ್ ಹರಿಯೋಕೆ ಕೂರಿಸ್ತಾರೆ. ನೀನು ಬಂದರೆ ನಿಂದೂ ಹರೀತೀನಿ."

ನಗುತ್ತಲೇ ಅಂದ. ಆದರೆ ಬಟ್ಟೆಯೊಳಗಿಂದ ಕೈಯನ್ನು ಮೆಲ್ಲಗೆ ಎಳೆದುಕೊಂಡ.

ಇಬ್ಬರೂ ಸೇರಿ ಒಂದು ಉಪಾಯ ಹೂಡಿದರು. ಮೇಲಿನ ಸ್ವರ ಬಂದಾಗ ಅಣ್ಣ ಕಮಾನನ್ನು ತಂತಿಗೆ ತಾಕಿಯೂ ತಾಕದ ಹಾಗೆ ಎಳೆಯುವುದು, ಹಿಂದಿನಿಂದ ತಂಗಿ ಆ ಸ್ವರ ತುಂಬುವುದು. ತನ್ನದೆಂದು ಯಾರಿಗೂ ಗುಮಾನಿ ಬರಬಾರದೆಂದು ಅವಳು ಕಮಾನಿನ ತುದಿಯಿಂದಷ್ಟೇ, ಉಸಿರಿನಷ್ಟು ತೆಳ್ಳಗೆ ನುಡಿಸುವುದನ್ನು ಕಲಿತಳು. ಅಣ್ಣನ ತುಂಬು ನಾದದ ಬೆನ್ನಿಗೇ ಬರುತ್ತಿದ್ದರಿಂದ ಆ ತೆಳು ಸ್ವರವೂ ಸಾಲುತ್ತಿತ್ತು. ಪಕ್ಕದ ಡೋಲಿನವನು ಮಾತ್ರ ಹಿಡಿದುಬಿಟ್ಟ. "ನಿಮ್ಮಣ್ಣನ ಕೈ ಬಲು ಉದ್ದ ಕಣಕ್ಕ, ನಿಮ್ಮ ಕುರ್ಚಿವರೆಗೂ ಬರುತ್ತೆ" ಎಂದು ಚುಚ್ಚಿ, ಆಮೇಲೆ ಬಾಯಿ ಹೊಲಿದುಕೊಂಡ.

ವರ್ಷಗಳು ಹಾಗೇ ಉರುಳಿದವು. ಚಪ್ಪಾಳೆಯೆಲ್ಲ ಅಣ್ಣನಿಗೆ. ತಾನು ಹಿಂದೆ ನೋಡಿದರೆ ಜನರ ಕಣ್ಣೂ ಅತ್ತ ಹೊರಳೀತೆಂದು ಅವನು ಒಮ್ಮೆಯೂ ತಿರುಗಲಿಲ್ಲ. ಅವಳಿಗೆ ಅದು ಅರ್ಥವಾಗುತ್ತಿತ್ತು. ಆದರೂ ಪ್ರತಿ ಸಲ ಅವನ ಬೆನ್ನನ್ನೇ ನೋಡುತ್ತ ಕಾಯುತ್ತಿದ್ದಳು.

ಒಂದು ಚಳಿಗಾಲ ಜ್ವರ ಹಿಡಿದು ಅಣ್ಣ ತೀರಿಕೊಂಡ. ಮೇಷ್ಟ್ರು ಮನೆಗೇ ಬಂದು, "ಅವನ ಜಾಗ ಇನ್ನು ನಿಂದೇ ಕಣಮ್ಮ" ಅಂದರು.

ಅಭ್ಯಾಸದ ದಿನ ಅವಳು ಎದ್ದು ನಿಂತಳು. ಕಮಾನು ಎಳೆದಳು. ಖಾಲಿ ಕುರ್ಚಿಗಳ ಕೊನೆಯ ಸಾಲಿನಿಂದ ಮೇಷ್ಟ್ರು ಕೂಗಿದರು.

"ಇಲ್ಲಿಗೆ ಏನೂ ಕೇಳಿಸ್ತಿಲ್ಲಮ್ಮ!"

ಹಲ್ಲು ಕಚ್ಚಿ ಕಮಾನನ್ನು ಪೂರ್ತಿ ಎಳೆಯಲು ಹೋದಳು. ಸ್ವರ ಒಡೆಯಿತು. ಮತ್ತೆ ಎಳೆದಳು, ಮತ್ತೆ ಒಡೆಯಿತು. ಮಣಿಕಟ್ಟು ಹಟ ಹಿಡಿದ ಮಗುವಿನಂತೆ ತಾನಾಗಿ ಕಮಾನಿನ ತುದಿಗೇ ಓಡುತ್ತಿತ್ತು. ಮೇಷ್ಟ್ರು ಹತ್ತಿರ ಬಂದರು.

"ಅಳುಕು ಯಾಕಮ್ಮ? ನಿನ್ನ ಮುಂದೆ ಯಾರೂ ಇಲ್ಲವಲ್ಲ."

"ಅದಕ್ಕೇ ಮೇಷ್ಟ್ರೇ" ಅಂದಳು. ಕಮಾನು ಕೆಳಗಿಳಿಸಿದಳು. ಡೋಲಿನವನು ತಲೆ ತಗ್ಗಿಸಿ ಡೋಲಿನ ಹಗ್ಗ ಬಿಗಿಯುತ್ತ ಕೂತ.

ಆ ವಾರದ ಕಛೇರಿಗೆ ಕೊಳಲಿನವನು ಎದ್ದು ನಿಂತ. ದೊಡ್ಡ ಉಸಿರಿನವನು, ಯಾರ ನೆರವೂ ಬೇಕಿರಲಿಲ್ಲ. ಅವಳು ತನ್ನ ಹಳೆಯ ಕುರ್ಚಿಯಲ್ಲಿ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು.