ಮೇಷ್ಟ್ರ ವಿಮಾನದ ಗಾಳಿಬಾಯಿ

ಮೊನ್ನೆ ಮಧುಗಿರಿಯಿಂದ ಶಿರಾಕ್ಕೆ ಬರುವಾಗ, ಬಡವನಹಳ್ಳಿ ದಾಟಿದ ಮೇಲೆ ಬಸ್ಸಿನ ಇಂಜಿನ್ ಕುದಿದು ನಿಂತಿತು. ಡ್ರೈವರ್ ಮುಚ್ಚಳ ಎತ್ತಿದ್ದೇ ತಡ, ಇಂಜಿನ್ ತಣ್ಣಗಿಡಲು ಹಾಕುವ ಕೂಲೆಂಟು ಕಾದ ವಾಸನೆ ಒಳಗೆಲ್ಲ ತುಂಬಿತು. ಬೆಲ್ಲದ ಪಾಕ ಸೀದಂಥ ಸಿಹಿ ವಾಸನೆ ಅದು. ಎಲ್ಲರೂ ಮೂಗು ಮುಚ್ಚಿಕೊಂಡು ಇಳಿದರು. ನಾನೊಬ್ಬಳು ಕಿಟಕಿ ಪಕ್ಕ ಕೂತು ಅತ್ತೆ. ಈ ವಯಸ್ಸಿನಲ್ಲಿ ಬಸ್ಸಿನಲ್ಲಿ ಅಳುವುದು ನಾಚಿಕೆಯ ವಿಷಯವೇ, ಆದರೆ ಏನು ಮಾಡಲಿ... ನಮ್ಮ ಎದುರುಮನೆ ಡ್ರಾಯಿಂಗ್ ಮೇಷ್ಟ್ರ ಶೆಡ್ಡಿನಲ್ಲಿ ಸದಾ ಇರುತ್ತಿದ್ದ ವಾಸನೆ ಇದೇ.

ಮೇಷ್ಟ್ರೂ ನಾನೂ ಒಂದೇ ಹೈಸ್ಕೂಲಿನಲ್ಲಿದ್ದೆವು. ನಾನು ಹಿಂದಿ ಟೀಚರ್. ಅವರು ಮಕ್ಕಳಿಗೆ ಹೂಜಿ, ಮಾವಿನಕಾಯಿ ಬರೆಸಿ ಮನೆಗೆ ಬಂದವರೇ ಲುಂಗಿ ಸುತ್ತಿಕೊಂಡು ಹಿತ್ತಲಿನ ಶೆಡ್ಡು ಸೇರುತ್ತಿದ್ದರು. ಅಲ್ಲಿ ಒಬ್ಬರೇ ಕೂರುವಂಥ ವಿಮಾನವೊಂದನ್ನು ಸ್ವಂತ ಕೈಯಿಂದ ಕಟ್ಟುತ್ತಿದ್ದರು. ಮೇಷ್ಟ್ರಿಗೆ ತಲೆ ಕೆಟ್ಟಿದೆ ಎಂದು ಬೀದಿಗೆ ಬೀದಿಯೇ ನಗುತ್ತಿತ್ತು. ನಾನೇನು ಕಡಿಮೆ ನಕ್ಕವಳಲ್ಲ.

ಇಂಜಿನ್ನು ಬೆಂಗಳೂರಿನ ಗುಜರಿಯಿಂದ ತಂದದ್ದು, ಯಾವುದೋ ವಿದೇಶಿ ಕಾರಿನ ರೋಟರಿ ಇಂಜಿನ್. ಅದರಲ್ಲಿ ಪಿಸ್ಟನ್ನಿನ ಬದಲು ಮೂರು ಮೂಲೆಯ ರೋಟರ್ ಗಿರಗಿರನೆ ಸುತ್ತುತ್ತದಂತೆ. ಗಾತ್ರ ಸಣ್ಣದು, ಶಕ್ತಿ ಜಾಸ್ತಿ, ಸಿಟ್ಟೂ ಜಾಸ್ತಿ. ಒಮ್ಮೆ ಮಿತಿ ಮೀರಿ ಕಾದರೆ ಅದರ ಮೈ ಸೊಟ್ಟಗಾಗಿ ಮುಗಿದೇ ಹೋಯಿತು. ಹಾಗಾಗಿ ಮೇಷ್ಟ್ರ ವರ್ಷಗಳೆಲ್ಲ ಅದನ್ನು ತಣ್ಣಗಿಡುವುದರಲ್ಲೇ ಕಳೆದವು. ಮೊದಲು ನಮ್ಮೂರ ಬೋರ್‌ವೆಲ್ ನೀರು ಹಾಕಿದರು. ಆ ನೀರು ಹರಿದು ತಣಿಯುವ ರೇಡಿಯೇಟರಿನೊಳಗೆಲ್ಲ ಬಿಳಿ ಉಪ್ಪು ಕಟ್ಟಿಕೊಂಡಿತು. ಆಮೇಲೆ ಕೂಲೆಂಟು ಬಂತು. ನೀರಿನ ತಾಪತ್ರಯ ಮುಗಿದ ಮೇಲೆ ಗಾಳಿಯದು ಶುರುವಾಯಿತು.

ವಿಮಾನದ ಮೂತಿಯ ಕೆಳಗೆ, ರೇಡಿಯೇಟರಿಗೆ ಗಾಳಿ ಹೋಗಲೆಂದು ಒಂದು ತೂತು. ಅದನ್ನವರು ಗಾಳಿಬಾಯಿ ಅನ್ನುತ್ತಿದ್ದರು. ನೋಡಿದವರೆಲ್ಲ ದೊಡ್ಡದು ಮಾಡಿ ಎಂದು ಬುದ್ಧಿ ಹೇಳುವವರೇ. ಮೇಷ್ಟ್ರು ಅದನ್ನು ಎರಡು ಅಂಗೈಯಗಲ ಮಾತ್ರ ಬಿಟ್ಟು, ಒಳಗಿನ ದಾರಿಯನ್ನು ಲಾಳಿಕೆ ತಿರುಗಿಸಿ ಹಿಡಿದ ಹಾಗೆ ಅಗಲ ಮಾಡುತ್ತಾ ಹೋಗಿದ್ದರು. ನಾನೂ ಒಮ್ಮೆ ಕೇಳಿದೆ, ಇಷ್ಟು ಸಣ್ಣ ಬಾಯಿ ಸಾಕೇ ಎಂದು.

“ಗಾಳಿ ಸುಮ್ನೆ ಓಡೋಗ್ಬುಟ್ರೆ ಬಿಸಿ ತಗೊಂಡೋಗಲ್ಲ ಕಣಮ್ಮ,” ಅಂದರು. “ಒಳಗ್ ಬಂದು, ನಿಧಾನಕ್ಕೆ ಕೂತು, ಕಷ್ಟ ಸುಖ ಮಾತಾಡ್ಕಂಡು ಹೋಗ್ಬೇಕು.”

ವಿಮಾನದ ಉಳಿದ ಭಾಗವೆಲ್ಲ ಯಾರ‍್ಯಾರದೋ ನಕ್ಷೆ ನೋಡಿ ಮಾಡಿದ್ದು, ಇದೊಂದು ಮಾತ್ರ ತನ್ನ ತಲೆಯಿಂದಲೇ ಬಂದದ್ದು ಎಂದು ಅವರಿಗೆ ಬಹಳ ಹೆಮ್ಮೆಯಿತ್ತು. ಅದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು...

ಒಂದು ಬೇಸಿಗೆ ಬೆಳಿಗ್ಗೆ ಅದನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಕಳ್ಳಂಬೆಳ್ಳದ ಕಡೆಯ ಒಂದು ಒಣಗಿದ ಕೆರೆಗೆ ಹೋದೆವು. ಹಾರಿಸಲು ಪರ್ಮಿಷನ್ ಇರಲಿಲ್ಲ, ನೆಲದ ಮೇಲೆ ಓಡಿಸಿ ನೋಡುವುದು ಎಂದಷ್ಟೇ ಮಾತು. ನಮ್ಮ ಕಡೆ ಹೊಸ ಸೈಕಲ್ಲನ್ನೂ ಪೂಜೆ ಮಾಡದೆ ತುಳಿಯುವುದಿಲ್ಲ. ಮೇಷ್ಟ್ರ ಹೆಂಡತಿ, ನಾನು ಅಕ್ಕ ಅನ್ನುತ್ತಿದ್ದೆ, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಮೂತಿಗೆ ಕುಂಕುಮ ಹಚ್ಚಿ, ಪ್ರೊಪೆಲ್ಲರಿಗೆ ಸೇವಂತಿಗೆ ಹಾರ ಹಾಕಿದರು. ಮೇಷ್ಟ್ರು ಕೈಮುಗಿದು, ಹಾರ ತೆಗೆದು ನನ್ನ ಕೈಗೆ ಕೊಟ್ಟು ಹತ್ತಿ ಕೂತರು.

ಓಡಿತು. ಓಡುತ್ತಾ ಓಡುತ್ತಾ ಅವರಿಗೆ ಆಸೆ ತಡೆಯಲಿಲ್ಲವೋ ಏನೋ, ಚಕ್ರ ನೆಲ ಬಿಟ್ಟವು. ಅಕ್ಕ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡರು. ಜಾಲಿ ಮರದಷ್ಟು ಎತ್ತರ ಹೋಗಿರಬಹುದು. ಅಷ್ಟರಲ್ಲಿ ಮೂತಿಯಿಂದ ಬಿಳಿ ಹಬೆ ಎದ್ದಿತು, ಇಂಜಿನ್ನಿನ ಸದ್ದು ನಿಂತಿತು, ವಿಮಾನ ಧೊಪ್ಪನೆ ಬಿದ್ದು ಒಂದು ಚಕ್ರ ಮುರಿಯಿತು.

ನಾನು ಓಡಿ ಹೋಗುವಷ್ಟರಲ್ಲಿ ಅವರು ಕುಂಟುತ್ತಾ ಇಳಿದು ಮುಚ್ಚಳ ಬಿಚ್ಚಿದ್ದರು. ರೇಡಿಯೇಟರಿನ ಮೈಗೆಲ್ಲ ಸೇವಂತಿಗೆ ಎಸಳು ಬೆಂದು ಅಂಟಿಕೊಂಡು ಗಾಳಿ ಹೋಗುವ ದಾರಿ ಮುಚ್ಚಿದ್ದವು. ದೇವರ ಮುಡಿಗೆ ಸಿಕ್ಕಿಸುವ ಹಾಗೆ ಅಕ್ಕ ಗಾಳಿಬಾಯಿಯ ಒಳಗೂ ಹೂವಿಟ್ಟಿದ್ದರು. ಬೀಳಬಾರದೆಂದು ಕೈಗೆಟುಕುವಷ್ಟು ಒಳಕ್ಕೆ ದೂಡಿದ್ದರು. ಅವರು ಅಷ್ಟು ದೂರದಲ್ಲಿ ಸೆರಗು ಹಿಡಿದುಕೊಂಡು ಓಡಿ ಬರುತ್ತಿದ್ದರು. ಮೇಷ್ಟ್ರು ಸುಡುವ ರೇಡಿಯೇಟರಿಗೆ ಕೈ ಹಾಕಿ ಎಸಳನ್ನೆಲ್ಲ ಕೆರೆದು ತೆಗೆದು ಪ್ಯಾಂಟಿನ ಜೇಬಿಗೆ ತುರುಕಿಕೊಂಡರು. ಅಕ್ಕ ಬಂದು ನಿಂತಾಗ ಹೇಳಿದರು, “ನನ್ ಲೆಕ್ಕನೇ ತಪ್ಪೋಯ್ತು ಕಣೆ. ಗಾಳಿಬಾಯಿ ಸಣ್ಣದಾಗ್ಬುಡ್ತು.”

ಅಕ್ಕ ಅವರ ಎದೆ, ಬೆನ್ನು ತಡವಿ ನೋಡಿ ಅತ್ತರು. “ಒಳಗ್ ಹೂ ಇಟ್ಟಿದ್ದೆ. ಅದೇ ನಿಮ್ಮನ್ನ ಉಳಿಸ್ತು,” ಅಂದರು. ಮೇಷ್ಟ್ರು ಹೂಂ ಎಂದು ತಲೆಯಾಡಿಸಿದರು.

ಇಂಜಿನ್ನು ಮುಗಿದಿತ್ತು. ಇನ್ನೊಂದು ತರುವ ಶಕ್ತಿ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ, ಟೀ ಅಂಗಡಿಯಲ್ಲಿ, ನಾವು ಹೇಳಿದ್ದೆವಲ್ಲ ಬಾಯಿ ದೊಡ್ಡದು ಮಾಡಿ ಅಂತ, ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಮೇಷ್ಟ್ರೂ ಅವರ ಜೊತೆ ನಗುತ್ತಿದ್ದರು. ಅಕ್ಕನಿಗಾದರೂ ನಿಜ ಹೇಳಿ ಎಂದು ಒಂದು ದಿನ ಮೇಷ್ಟ್ರ ಜೊತೆ ಜಗಳವನ್ನೇ ಆಡಿದೆ.

“ಇಂಜಿನ್ ಸುಟ್ಟೋಯ್ತು, ಸರಿ. ಅವ್ಳ ಹೊಟ್ಟೆ ಯಾಕ್ ಉರಿಸ್ಬೇಕು? ನೀನೂ ಹೇಳ್ಬ್ಯಾಡ ಕಣಮ್ಮ,” ಅಂದರು. ಮತ್ತೆ ಆ ಮಾತು ಎತ್ತಲಿಲ್ಲ. ಶೆಡ್ಡಿನ ಬಾಗಿಲನ್ನೂ ತೆಗೆಯಲಿಲ್ಲ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಹೆಣದ ಮುಂದೆ ಕೂತು ಅಕ್ಕ ಅವರ ಕೈ ನೀವುತ್ತಾ, ಲೆಕ್ಕದಲ್ಲಿ ಒಂಚೂರು ಹಿಂದೆ ನಮ್ಮೋರು, ಗಾಳಿಬಾಯಿ ಸಣ್ಣದಾಗಿತ್ತು ಅಲ್ವೇನಮ್ಮ, ಎಂದು ನನ್ನನ್ನು ಕೇಳಿದರು. ಅಷ್ಟು ಪ್ರೀತಿಯಿಂದ ಕೇಳಿದರು. ಮೇಷ್ಟ್ರ ಮುಖ ನೋಡಿಕೊಂಡೇ ನಾನು ಹೇಳಿದೆ, “ಹೌದಕ್ಕ, ಸಣ್ಣದಾಗಿತ್ತು.”

ಈ ಸಂಕ್ರಾಂತಿ ಕಳೆದ ಮೇಲೆ ಅಕ್ಕನೂ ಹೋದರು. ಎದುರುಮನೆಗೆ ಬೀಗ ಬಿದ್ದಿದೆ. ಮೊನ್ನೆ ಬಸ್ಸು ತಣ್ಣಗಾಗಿ ಮತ್ತೆ ಹೊರಟಾಗಲೂ ನನ್ನ ಅಳು ನಿಂತಿರಲಿಲ್ಲ. ಇನ್ನು ಬಾಯಿಬಿಟ್ಟು ಹೇಳಬಹುದು, ನೋಯುವವರು ಯಾರೂ ಇಲ್ಲ. ಕೇಳಿ ಸಂತೋಷಪಡಬೇಕಾದವರೂ ಇಲ್ಲ... ಗಾಳಿಬಾಯಿ ಸಣ್ಣದಾಗಿರಲಿಲ್ಲ. ಮೇಷ್ಟ್ರ ಲೆಕ್ಕ ಸರಿಯಾಗಿತ್ತು.