ಪಿಟೀಲು ಕೊಟ್ಟು ಒಯ್ದ ಮೈಕು

ನನ್ನದು ವಾದ್ಯಗಳ ಅಂಗಡಿ. ಹೆಂಡತಿಯ ತಮ್ಮ ಹದಿನೆಂಟು ವರ್ಷ ಪಿಟೀಲು ನುಡಿಸಿ ಹೆಸರು ಮಾಡಿದವನು. ಒಂದು ದಿನ ಅದನ್ನು ನನ್ನ ಮೇಜಿನ ಮೇಲಿಟ್ಟ.

"ಭಾವ, ಇದನ್ನ ಇಟ್ಕೊಂಡು ಒಳ್ಳೆ ಮೈಕು, ರೆಕಾರ್ಡರ್ ಕೊಡಿ. ರೇಡಿಯೋದವರು ಯುದ್ಧದ ಸುದ್ದಿಗೆ ಕಳಿಸ್ತಿದ್ದಾರೆ."

"ಕಚೇರೀಲಿ ಒಂದು ಅಪಸ್ವರ ಬಂದ್ರೆ ಮೂರು ದಿನ ಊಟ ಬಿಡೋನು ನೀನು. ಅಲ್ಲಿ ಹೋಗಿ ಬಾಂಬಿನ ಶ್ರುತಿ ಸರಿಯಿಲ್ಲ ಅಂತ ಜಗಳ ತೆಗೀಬೇಡಪ್ಪ."

ಅವನು ನಗಲಿಲ್ಲ. ಪಿಟೀಲು ಬೆಲೆಬಾಳುವಂಥದ್ದು, ನಾನು ಮರುಮಾತಾಡದೆ ಒಳಗಿಟ್ಟೆ. ಮೈಕಿನ ಜೊತೆ ಬುದ್ಧಿಮಾತೊಂದನ್ನು ಪುಕ್ಕಟೆ ಕೊಟ್ಟೆ: "ಮೊದಲನೇದು ಕೆಟ್ರೆ ಇನ್ನೊಂದ್ಸಲ ತಗೋ. ರೆಕಾರ್ಡಿಂಗಿನ ಗುಟ್ಟೇ ಅದು." ಪುಕ್ಕಟೆ ಮಾಲನ್ನು ಜನ ಬಳಸುವುದಿಲ್ಲ ಎಂದು ನಂಬಿದ್ದೆ.

ವರ್ಷದೊಳಗೆ ಅವನ ವರದಿಯೊಂದು ಮನೆಮಾತಾಯಿತು. ಕುಸಿದ ಕಟ್ಟಡದ ಮುಂದೆ ತಾಯಿಯೊಬ್ಬಳು ಮಗನನ್ನು ಕೂಗುವ ದನಿ. ನನ್ನವಳು ಒಲೆ ಆರಿಸಿ, ನಿಂತಲ್ಲೇ ಅತ್ತಳು. ಬಹುಮಾನ ಬಂತು. "ಮೈಕು ನಮ್ಮಂಗಡೀದು" ಎಂದು ನಾನು ಬಂದವರಿಗೆಲ್ಲ ಸಾರಿದೆ.

ಮರುವಾರ ಅವನೇ ಬಂದ. ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ.

"ಭಾವ, ಅದು ಎರಡನೇ ಸಲ ತಗೊಂಡಿದ್ದು. ಮೊದಲನೇ ಸಲ ಲಾರಿ ಹಾರನ್ ಅಡ್ಡ ಬಂತು. ಅಮ್ಮಾ, ಇನ್ನೊಂದ್ಸಲ ಕೂಗಿ ಅಂದೆ. ಕಿವಿಗೆ ಹೆಡ್‌ಫೋನ್ ಹಾಕ್ಕೊಂಡಿದ್ನಲ್ಲ, ಕಲ್ಲಿನಡಿಯಿಂದ ಮಗನ ದನಿ ನನಗೆ ಕೇಳಿಸ್ತು ಅಂದ್ಕೊಂಡ್ಲು. ಆಸೆಯಿಂದ ಕೂಗಿದ್ಲು. ಕೂಗಿ ನನ್ನ ಮುಖ ನೋಡಿದ್ಲು. ನಾನು ತಲೆದೂಗಿದೆ."

"ಯಾಕೋ?"

"ಸಂಗೀತ ಕಚೇರಿ ಚಾಳಿ. ದನಿ ಅಷ್ಟು ಚೆನ್ನಾಗಿ ಬಂದಿತ್ತು. ಮಗ ಬದುಕಿದ್ದಾನೆ ಅಂತ ಅವಳು ಬರಿಗೈಲಿ ಕಲ್ಲು ಕೀಳೋಕೆ ಶುರು ಮಾಡಿದ್ಲು."

"ತಡೀಲಿಲ್ವಾ?"

"ರೆಕಾರ್ಡರ್ ಓಡ್ತಿತ್ತು."

ಅಂಗಡಿಯವನ ನಾಲಿಗೆ, ಸುಮ್ಮನಿದ್ದೀತೇ? "ಯಾರಿಗೆ ಗೊತ್ತಾಗುತ್ತೆ? ಬಾಯಿ ಮುಚ್ಕೊಂಡಿರು" ಎಂದೆ.

"ರೇಡಿಯೋದವರಿಗೆ ಎಲ್ಲಾ ಹೇಳಿ ಬಂದೆ. ಬಹುಮಾನ, ಕೆಲಸ ಎರಡೂ ಹೋಯ್ತು. ಪಿಟೀಲು ಮಾರಿಬಿಟ್ರಾ? ಅದಾದ್ರೂ ನನ್ನ ಕೈಗೆ ಬರುತ್ತಾ ನೋಡ್ಬೇಕು. ಅದೂ ಇಲ್ಲಾಂದ್ರೆ ನನಗಿನ್ನೇನಿದೆ?"

ಮಾರಿರಲಿಲ್ಲ. ಪ್ರೀತಿಯಿಂದಲ್ಲ, ಬೆಲೆ ಏರಲಿ ಎಂದು. ತಂದುಕೊಟ್ಟೆ. ಅವನು ತುಂಬ ಹೊತ್ತು ಶ್ರುತಿ ಮಾಡಿ, ಕಣ್ಣು ಮುಚ್ಚಿ ನುಡಿಸತೊಡಗಿದ. ಅದೇ ಹಳೆಯ ಕೈ. ನನಗೂ ಜೀವ ಬಂದಂತಾಯಿತು. ಅಷ್ಟರಲ್ಲಿ ಕಮಾನು ಜಾರಿತು.

"ಪರವಾಗಿಲ್ಲ, ಇನ್ನೊಂದ್ಸಲ" ಎಂದುಬಿಟ್ಟೆ.

ನಾಲಿಗೆ ಕಚ್ಚಿಕೊಂಡೆ, ಆದರೆ ಮಾತು ಹೊರಬಿದ್ದಿತ್ತು. ಅವನು ನನ್ನ ಮುಖ ನೋಡಿದ. ಪಿಟೀಲನ್ನು ಪೆಟ್ಟಿಗೆಗೆ ಹಾಕಿ, ಬೀಗ ಜಡಿದು, ಕೀಲಿಯನ್ನು ನನ್ನ ಕೈಗಿತ್ತು ಮೆಟ್ಟಿಲಿಳಿದ.

ಅಂಗಡಿಯಲ್ಲಿ ಎಲ್ಲಕ್ಕೂ ಬೆಲೆ ಹೇಳುತ್ತೇನೆ. ಆ ಪೆಟ್ಟಿಗೆ ತೋರಿಸಿ ಎಂದು ಯಾರಾದರೂ ಕೇಳಿದರೆ ಮಾತ್ರ ಕೀಲಿ ಕಳೆದಿದೆ ಎನ್ನುತ್ತೇನೆ. ಕೀಲಿ ಜೇಬಿನಲ್ಲೇ ಇದೆ.