ಭಾನುವಾರದ ಮೊದಲರ್ಧ

ನಮ್ಮ ಅಡುಗೆಮನೆಯ ಗೋಡೆಯಲ್ಲಿ, ಒಗ್ಗರಣೆಯ ಘಾಟು ತಾಕುವಷ್ಟು ಹತ್ತಿರದಲ್ಲಿ ಒಂದು ಕ್ಯಾಲೆಂಡರು ತೂಗುತ್ತದೆ. ಗ್ಯಾಸ್ ಬುಕ್ ಮಾಡಿದ ದಿನ, ಅತ್ತೆಯವರ ಮಾತ್ರೆ ಮುಗಿಯುವ ದಿನ, ಸಂಕಷ್ಟಿಯ ಚಂದ್ರೋದಯದ ಹೊತ್ತು, ಹೀಗೆ ನನ್ನ ಸಂಸಾರದ ಆಗುಹೋಗುಗಳೆಲ್ಲ ಅದರ ಪುಟ್ಟ ಚೌಕಗಳಲ್ಲಿ ಮೈ ಮುದುರಿ ಕುಳಿತಿರುತ್ತವೆ. ಬಾಣಲೆಯಿಂದ ಸಿಡಿದ ಸಾಸಿವೆಯೊಂದು ಫೆಬ್ರವರಿಯ ಒಂದು ಬುಧವಾರದ ಮೇಲೆ ಎಣ್ಣೆಯ ಚುಕ್ಕೆಯಿಟ್ಟಿದೆ. ಅಂದು ಏನೋ ವ್ರತವಿರಬೇಕೆಂದು ಅತ್ತೆಯವರು ಎರಡು ಸಲ ಕೇಳಿದ್ದುಂಟು. ಈ ವರ್ಷ ಆ ಚೌಕಗಳಲ್ಲಿ ಪೆನ್ಸಿಲಿನ ಹೊಸದೊಂದು ಬರಹವೂ ಸೇರಿದೆ, ಜಪಾನಿನ ಅನಿಮೆ ಎಂಬ ಬೊಂಬೆಚಿತ್ರಗಳ ಹೆಸರುಗಳು. ನಗಬೇಡಿ, ಅವುಗಳ ಹಿಂದೆ ಒಂದು ಕಥೆಯಿದೆ.

ಡಿಗ್ರಿ ಎರಡನೆಯ ವರ್ಷದಲ್ಲಿರುವ ನನ್ನ ಮಗಳು ಸಿಂಚನಾ ಮತ್ತು ಅವಳ ಗೆಳೆಯರು ಇವುಗಳನ್ನು ನೋಡಲೆಂದೇ ಕಟ್ಟಿಕೊಂಡ ಕ್ಲಬ್ಬೊಂದಿದೆ. ನಮ್ಮ ಶಿವಮೊಗ್ಗದ ದುರ್ಗಿಗುಡಿಯ ದಂತವೈದ್ಯರೊಬ್ಬರ ಕ್ಲಿನಿಕ್ಕಿನ ಮಹಡಿಯ ಹಾಲಿನಲ್ಲಿ, ಕಿಟಕಿಗಳಿಗೆ ಹಳೆಯ ಬೆಡ್‌ಶೀಟು ಕಟ್ಟಿ, ಹದಿನೈದು ದಿನಕ್ಕೊಮ್ಮೆ ಭಾನುವಾರ ಒಂದು ಚಿತ್ರ. ಮೊದಲ ದಿನ ಕೋಡುಬಳೆಯ ಡಬ್ಬ ಕೊಟ್ಟು ಬರಲೆಂದು ಹೋದವಳು ನಾನು. ಪರದೆಯ ಮೇಲೆ ಯಾರದೋ ಅಡುಗೆಮನೆಯಲ್ಲಿ ನೀರು ಕುದಿಯುತ್ತಿತ್ತು, ಕೆಟಲಿನ ಮುಚ್ಚಳ ಸಣ್ಣಗೆ ನಡುಗುತ್ತಿತ್ತು, ಹೊಸಿಲ ಬಳಿ ಒಬ್ಬ ಹುಡುಗಿ ಮನೆಯವರ ಚಪ್ಪಲಿಗಳನ್ನು ಜೋಡಿಸಿಡುತ್ತಿದ್ದಳು. ಕಥೆ ಇನ್ನೇನು ಶುರುವಾಗುತ್ತದೆಂದು ಡಬ್ಬ ಹಿಡಿದುಕೊಂಡೇ ಕಾದೆ. ಇದೂ ಕಥೆಯೇ ಎಂದು ತಿಳಿಯುವ ಹೊತ್ತಿಗೆ ಕುರ್ಚಿಯಲ್ಲಿ ಕೂತುಬಿಟ್ಟಿದ್ದೆ. ಕಥೆಗೆ ಸಂಬಂಧವೇ ಇಲ್ಲವೆಂದು ಎಲ್ಲರೂ ದಾಟಿ ಹೋಗುವ ಇಂಥ ಗಳಿಗೆಗಳಿಂದಲೇ ತುಂಬಿದ ನನ್ನ ದಿನಗಳನ್ನು, ಸಮುದ್ರದಾಚೆಯ ಯಾರೋ ಒಬ್ಬರು ಕೂತು ಒಂದೊಂದೇ ಗೆರೆಯೆಳೆದು ಬಿಡಿಸಿದ್ದಾರಲ್ಲ ಎಂದು ಕಣ್ಣು ಮಂಜಾಯಿತು.

ಮುಂದಿನ ಚಿತ್ರ ಯಾವುದೆಂಬ ಜಗಳದಲ್ಲಿ ಕ್ಲಬ್ಬು ಒಡೆಯುವ ಹಂತಕ್ಕೆ ಬಂದಾಗ, ಯಾರ ಪಕ್ಷಕ್ಕೂ ಸೇರದ ನನ್ನ ಕೈಗೆ ಇಡೀ ಋತುವಿನ ಪಟ್ಟಿ ಬಂತು. ಸಂಕ್ರಾಂತಿ ಕಳೆದ ಮೇಲಿಂದ ಏಪ್ರಿಲ್‌ವರೆಗೆ, ಆರು ಚಿತ್ರ. ನನಗೆ ಗೊತ್ತಿದ್ದ ಕ್ರಮವೆಂದರೆ ಎಲೆಗೆ ಬಡಿಸುವ ಕ್ರಮ. ಮೊದಲು ಉಪ್ಪು, ಕೋಸಂಬರಿಯಂಥ ಹಗುರಾದದ್ದು, ಭಾರದ್ದು ನಡುವೆ, ಎರಡು ಅಳುವ ಚಿತ್ರಗಳು ಒಟ್ಟಿಗೆ ಬಂದರೆ ಎರಡು ಹುಳಿ ಒಟ್ಟಿಗೆ ಬಡಿಸಿದಂತೆ, ಪಾಯಸ ಎಷ್ಟೇ ಸೊಗಸಿದ್ದರೂ ಕೊನೆಗೆ ಮಜ್ಜಿಗೆಯೇ ಬರಬೇಕು, ಜನ ತಣ್ಣಗೆ ಎದ್ದುಹೋಗಬೇಕು. ನೂಡಲ್ಸ್ ಅಂಗಡಿಯ ಕಥೆಯೊಂದಿತ್ತು, ಅದರಲ್ಲಿ ತಿಂಡಿಯ ಮೇಲಿನ ಹಬೆಯನ್ನೂ ನಾಲಿಗೆ ನೀರೂರುವಂತೆ ಬಿಡಿಸಿದ್ದಾರೆ. ಅದು ಸಂಕಷ್ಟಿಯ ದಿನ ಬಿದ್ದದ್ದನ್ನು ಕಂಡು ಮುಂದೂಡಿದೆ. ಉಪವಾಸವಿರುವ ನಾಲ್ಕು ಜನರನ್ನು ಕೂರಿಸಿ ಅದನ್ನು ತೋರಿಸುವುದು ಪಾಪ.

“ಅಮ್ಮಾ, ಇದು ಸ್ಕ್ರೀನಿಂಗ್ ಲಿಸ್ಟಾ, ಮದುವೆ ಊಟದ ಮೆನುವಾ?” ಎಂದು ಸಿಂಚನಾ ನಕ್ಕಳು. ನಕ್ಕರೂ ಒಪ್ಪಿದಳು. ಕಡೆಯ ಚಿತ್ರ ಮಾತ್ರ ನನ್ನ ಆಯ್ಕೆಯದೇ, ಅದೂ ಬೆಳಗಿನ ಹತ್ತಕ್ಕೇ ಆಗಬೇಕೆಂದು ನಾನು ಹಿಡಿದ ಹಟ ಅವಳಿಗೆ ಅರ್ಥವಾಗಲಿಲ್ಲ. ನಿಮಗೆ ಹೇಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಪಕ್ಕದ ಮನೆ ಸ್ಟೆಲ್ಲಾಳದು. ಮನೆಯಲ್ಲಿ ತಮಿಳು, ಓಣಿಯಲ್ಲಿ ಕನ್ನಡ, ಕಾನ್ವೆಂಟಿನಲ್ಲಿ ಸಿಸ್ಟರುಗಳಿಗೆ ಹೆದರಿ ಇಂಗ್ಲಿಷು ಆಡುತ್ತಿದ್ದ ನನ್ನ ಬೆಂಚಿನ ಗೆಳತಿ. ಆಗ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಟಿವಿಯಲ್ಲಿ, ಕೈಗಾಡಿಯೊಂದನ್ನು ತಳ್ಳಿಕೊಂಡು ಊರೂರು ಅಲೆದು ಗಡಿಯಾರ ರಿಪೇರಿ ಮಾಡುವ ಅಜ್ಜ, ಮೊಮ್ಮಗಳ ಬೊಂಬೆಚಿತ್ರವೊಂದು ಹಿಂದಿಯಲ್ಲಿ ಬರುತ್ತಿತ್ತು. ಅದು ಜಪಾನಿನದೆಂದು ನಮಗೇನು ಗೊತ್ತು! ಸ್ಟೆಲ್ಲಾಳಿಗೆ ಭಾನುವಾರವೆಂದರೆ ಚರ್ಚು. ಪೂಜೆ ಮುಗಿದದ್ದೇ ತಡ, ಲೇಸಿನ ಮುಸುಕನ್ನು ಮುಷ್ಟಿಯಲ್ಲಿ ಮುದುರಿಕೊಂಡು ಓಡಿ ಬರುತ್ತಿದ್ದಳು, ಅಷ್ಟರಲ್ಲಿ ಅರ್ಧ ಮುಗಿದಿರುತ್ತಿತ್ತು. ಜಾಹೀರಾತು ಮುಗಿಯುವಷ್ಟರಲ್ಲಿ ಮೊದಲರ್ಧವನ್ನು ನಾನು ಪಿಸುಗುಟ್ಟಿ ಹೇಳಿ ಮುಗಿಸಬೇಕು. ಅವಳಿಗೆ ಹೇಳಲಿಕ್ಕೆಂದೇ ನೋಡುತ್ತಿದ್ದುದರಿಂದಲೋ ಏನೋ, ಅಜ್ಜನ ಕನ್ನಡಕದ ಒಡಕು, ಗಾಡಿಯ ಗಾಲಿಗೆ ಸುತ್ತಿದ ದಾರ, ಒಂದನ್ನೂ ನಾನು ಬಿಡುತ್ತಿರಲಿಲ್ಲ. ಸಣ್ಣದನ್ನು ಕಾಣುವ ಈ ನನ್ನ ಅಭ್ಯಾಸ ಅಲ್ಲಿಯದೇ.

ಅಂಥ ಸ್ಟೆಲ್ಲಾ ನನ್ನ ಮದುವೆಗೆ ಬರಲಿಲ್ಲ. ಮಂಟಪದಲ್ಲಿ ಕೂತು ಬಾಗಿಲು ನೋಡಿದೆ, ಆರತಕ್ಷತೆಯಲ್ಲಿ ನಿಂತು ಬಾಗಿಲು ನೋಡಿದೆ. ಆಮೇಲೆ ಅಮ್ಮ ಹೇಳಿದರು: ಕುಂಕುಮ ಕೊಟ್ಟು ಕರೆದರೆ ಅವರ ಮತಕ್ಕೆ ಸರಿಹೋಗುವುದೋ ಇಲ್ಲವೋ, ಕೊಡದೆ ಕರೆದರೆ ಅದೆಂಥ ಕರೆ ಎಂದು ಗೇಟಿನ ಬಳಿ ನಿಂತು ಯೋಚಿಸಿ, ಬಗೆಹರಿಯದೆ, ಕಾರ್ಡನ್ನು ಆಚೆಮನೆಯವರ ಕೈಗೆ ಕೊಟ್ಟು ಬಂದಿದ್ದರಂತೆ. ನೋಯಿಸಬಾರದೆಂದು ಮಾಡಿದ್ದೇ. ನಮ್ಮ ಕಡೆ ಹೊಸಿಲು ದಾಟದೆ ಕೊಟ್ಟ ಕಾರ್ಡಿಗೆ ಏನರ್ಥವೆಂದು ಸ್ಟೆಲ್ಲಾಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹೋಗಿ ಒಂದು ಮಾತು ಹೇಳಿಬರಲು ಶಿವಮೊಗ್ಗದಿಂದ ಅರ್ಧ ಗಂಟೆಯ ಬಸ್ಸು. ಆ ಅರ್ಧ ಗಂಟೆಯನ್ನು ಮುಂದಿನ ತಿಂಗಳಿಗೆ, ಬಾಣಂತನ ಕಳೆಯಲಿ, ಮಗಳು ಶಾಲೆಗೆ ಸೇರಲಿ ಎಂದು ಮುಂದೂಡುತ್ತ ಇಪ್ಪತ್ತೆರಡು ವರ್ಷ ಮಾಡಿದೆ. ದೂರವಿದ್ದರೆ ದೂರವನ್ನಾದರೂ ದೂರಬಹುದಿತ್ತು.

ಋತುವಿನ ಕಡೆಯ ಚಿತ್ರಕ್ಕೆ, ಸಣ್ಣ ರೈಲು ನಿಲ್ದಾಣವೊಂದರ ಬಳಿ ಬೆಳೆಯುವ ಇಬ್ಬರು ಹುಡುಗಿಯರ ಕಥೆಯೊಂದನ್ನು ಆರಿಸಿದೆ. ಅದನ್ನು ಸ್ಟೆಲ್ಲಾಳ ಪಕ್ಕ ಕೂತು ನೋಡಬೇಕು, ಅಷ್ಟೆ ನನ್ನ ಆಸೆ. ಪಟ್ಟಿಯನ್ನು ಎಲ್ಲರಿಗೂ ಫೋನಿನಲ್ಲಿ ಕಳಿಸಿ ಆಗಿತ್ತು. ಅವಳೊಬ್ಬಳಿಗೆ ಹಾಗೆ ಕಳಿಸಲಾರೆ. ಕಾಗದದಲ್ಲಿ ಬರೆದು, ಒಂದು ಮೊಳ ಮಲ್ಲಿಗೆ, ಕುಂಕುಮದ ಭರಣಿ ಚೀಲಕ್ಕೆ ಹಾಕಿಕೊಂಡು ಮಾರ್ಚಿನ ಒಂದು ಮಧ್ಯಾಹ್ನ ಬಸ್ಸು ಹತ್ತಿದೆ.

ಭದ್ರಾವತಿಯ ನ್ಯೂಟೌನಿನ ಮನೆಯ ಹೊರಜಗಲಿಯಲ್ಲಿ ಅವಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಕೂದಲು ನರೆತಿತ್ತು, ಸೂಜಿಗೆ ದಾರ ಪೋಣಿಸುವಾಗ ನಾಲಿಗೆ ಕಚ್ಚುವುದು ಬಿಟ್ಟಿರಲಿಲ್ಲ. ಗೇಟಿನ ಬಳಿ ನಾನು ನಿಂತೆ. ನೋಡಿ, ಅಮ್ಮ ನಿಂತಂತೆಯೇ ನಿಂತೆ; ಭರಣಿ ತೆಗೆಯಲೋ ಬೇಡವೋ ಎಂದು ಕೈ ಚೀಲದೊಳಗೇ ಉಳಿಯಿತು.

“ನಿಮ್ಮ ಮನೆಯವ್ರು ಗೇಟಿಂದ ಒಳಗೆ ಬರಲ್ಲ ಅಂತ ಏನಾದ್ರೂ ಹರಕೆನಾ?” ಎಂದಳು ತಲೆಯೆತ್ತದೆ. ಆಮೇಲೆ ಎದ್ದು ಬಂದು ಚೀಲದೊಳಗೆ ತಾನೇ ಇಣುಕಿದಳು. “ಕುಂಕುಮ ಬೇಡ ಹೇಮಾ. ಹೂ ಕೊಡು. ಅವತ್ತೂ ಹೂ ಕೊಟ್ಟಿದ್ರೆ ಸಾಕಿತ್ತು. ನಾನು ಒಳಗೇ ಇದ್ದೆ.”

ನಾನು ಗೇಟು ದಾಟಿ ಜಗಲಿ ಹತ್ತಿದೆ. ಹೂವನ್ನು ಮುಡಿಸಹೋದರೆ ತಡೆದು, ಲೋಟದ ನೀರಿನಲ್ಲಿ ಮೆಲ್ಲಗೆ ಇಳಿಬಿಟ್ಟಳು. ಅವರಿಗದು ತಪಸ್ಸು ಕಾಲ, ವ್ರತದ ನಲವತ್ತು ದಿನ; ಈಸ್ಟರ್‌ವರೆಗೆ ಅವಳು ಹೂ ಮುಡಿಯುವುದಿಲ್ಲ. ಈಸ್ಟರ್ ಎಂದೆಂದು ಕೇಳಿದೆ. ಗೋಡೆಯ ಕ್ಯಾಲೆಂಡರು ತೋರಿಸಿದಳು. ನಮ್ಮ ಮನೆಯದೇ ಕ್ಯಾಲೆಂಡರು, ನಾನು ಪೆನ್ಸಿಲಿನಿಂದ ಬರೆದ ಅದೇ ಚೌಕ.

ಅಮಾವಾಸ್ಯೆ ನೋಡಿದ್ದೆ, ಸಂಕಷ್ಟಿ ತಪ್ಪಿಸಿದ್ದೆ, ಪರೀಕ್ಷೆಗಳನ್ನು ಬಳಸಿ ಹೋಗಿದ್ದೆ. ಹತ್ತು ವರ್ಷ ಕಾನ್ವೆಂಟಿನಲ್ಲಿ ಈಸ್ಟರ್ ಹಾಡು ಹಾಡಿದವಳಿಗೆ, ಯಾರಿಗಾಗಿ ಆ ಭಾನುವಾರವನ್ನು ತೆಗೆದಿಟ್ಟೆನೋ ಅವಳ ಹಬ್ಬವೊಂದೇ ಕಾಣಲಿಲ್ಲ. ಬೇರೆ ಹಬ್ಬಗಳು ಕಪ್ಪು ದಿನಗಳ ನಡುವೆ ಕೆಂಪಾಗಿ ಎದ್ದು ಕಾಣುತ್ತವೆ. ಈಸ್ಟರ್ ಬರುವುದು ಭಾನುವಾರವೇ, ಕೆಂಪಿನ ಮೇಲೆ ಕೆಂಪು, ಕೆಳಗೆ ಇರುವೆಯಂಥ ಅಕ್ಷರ. ಪ್ರೀತಿಯಿದ್ದರೆ ಸಾಕು, ಕಣ್ಣು ತಾನಾಗಿ ಕಾಣುತ್ತದೆಂದು ನಂಬಿದ್ದೆ. ಅಮ್ಮನೂ ಹಾಗೆಯೇ ನಂಬಿದ್ದರೇನೋ. ದಿನ ಬದಲಾಯಿಸುತ್ತೇನೆ, ಮಕ್ಕಳಿಗೆ ಹೇಳುತ್ತೇನೆ ಎಂದು ತೊದಲುತ್ತ ಫೋನು ತೆಗೆದೆ.

ಸ್ಟೆಲ್ಲಾ ನನ್ನ ಕೈ ಹಿಡಿದು ಫೋನನ್ನು ಕೆಳಗಿಳಿಸಿದಳು. ನಗುತ್ತಿದ್ದಳು, ಲೇಸಿನ ಮುಸುಕಿನ ವಯಸ್ಸಿನ ನಗು. “ಇರ್ಲಿ ಬಿಡು ಮಾರಾಯ್ತಿ. ಎಂಟರ ಪೂಜೆ ಮುಗಿಸಿ ಬಸ್ ಹತ್ತಿ ಬರ್ತೀನಿ. ನಾನು ಯಾವತ್ತು ಶುರುವಿಂದ ನೋಡಿದ್ದೆ? ಮೊದಲರ್ಧ ನೀನು ಹೇಳು.”

ಆ ಭಾನುವಾರಕ್ಕೆ ಇನ್ನು ನಾಲ್ಕು ದಿನ. ಸಾಸಿವೆಯ ಚುಕ್ಕೆಯ ಕ್ಯಾಲೆಂಡರಿನಲ್ಲಿ, ಆ ಚೌಕದ ಇರುವೆಯಕ್ಷರದ ಸುತ್ತ ಒಂದು ಗೆರೆ ಎಳೆದಿದ್ದೇನೆ, ಕೆಳಗೆ ‘ಮಲ್ಲಿಗೆ, ಎರಡು ಮೊಳ’ ಎಂದು ಬರೆದುಕೊಂಡಿದ್ದೇನೆ. ಅವಳ ಕುರ್ಚಿ ಬಾಗಿಲ ಪಕ್ಕದ್ದು, ಅದರ ಪಕ್ಕದ್ದು ನನ್ನದು. ಬೆಳಿಗ್ಗೆ ಸಾರು ಕುದಿಯುವಾಗ ಅದರ ಮುಂದೆ ನಿಂತು ಚಿತ್ರದ ಮೊದಲರ್ಧವನ್ನು ಮೆಲ್ಲಗೆ ಹೇಳಿ ನೋಡುತ್ತೇನೆ: ನಿಲ್ದಾಣದ ಬೆಂಚು, ಒಬ್ಬಳ ಬಿಚ್ಚಿದ ಶೂ ಲೇಸು, ರೈಲು ಹೋದ ಮೇಲೂ ಅಲುಗುತ್ತಿದ್ದ ಹುಲ್ಲು. ಅಷ್ಟು ಸಾಲದೆ ನಡುವೆ ನನ್ನ ಮದುವೆಯ ಬಾಗಿಲು, ಸಿಂಚನಾಳ ಮೊದಲ ಹಲ್ಲು, ಅಮ್ಮನ ಕಡೆಯ ದಿನಗಳು ನುಸುಳಿ ಬರುತ್ತವೆ. ಪಿಸುಗುಟ್ಟಿ ಮುಗಿಸುವಷ್ಟು ಚಿಕ್ಕದಲ್ಲ ಈ ಮೊದಲರ್ಧ. ಮುಚ್ಚಳ ಸಣ್ಣಗೆ ನಡುಗುತ್ತದೆ. ಉರಿ ತಗ್ಗಿಸಿ, ಮತ್ತೆ ಮೊದಲಿನಿಂದ ಶುರುಮಾಡುತ್ತೇನೆ.